ಲೇಡೀಸ್ ಲ್ಯಾಂಡ್ ಲೀಗ್: 18 ತಿಂಗಳಲ್ಲಿ ಮುಗಿದುಹೋದ ಐರಿಷ್ ಹೆಂಗಸರ ಸಂಘ. ಮುಗಿಸಿದ್ದು ಯಾರು?

ಕಾವೇರಿತೀರ

ಎಲ್ಲರಿಗೂ ನಮಸ್ಕಾರ. ನಾನು ಡಬ್ಲಿನ್‌ಗೆ ಬಂದು ನಾಲ್ಕು ವರ್ಷ ಆಯಿತು. ಕೆಲಸಕ್ಕೆ ಹೋಗುವಾಗ ದಿನಾ ಓ'ಕಾನೆಲ್ ಬೀದಿಯಲ್ಲಿ ಬಸ್ ಇಳಿಯುತ್ತೇನೆ. ಆ ಬೀದಿಯ ಉತ್ತರದ ತುದಿಯಲ್ಲಿ ಐರಿಷ್ ರಾಜಕೀಯ ನಾಯಕ ಚಾರ್ಲ್ಸ್ ಸ್ಟೂವರ್ಟ್ ಪಾರ್ನೆಲ್ ಅವರ ದೊಡ್ಡ ಸ್ಮಾರಕ ಇದೆ. ಎತ್ತರದ ಕಲ್ಲಿನ ಕಂಬ, ಅದರ ಮುಂದೆ ಕೈ ಚಾಚಿ ನಿಂತ ಕಂಚಿನ ಪ್ರತಿಮೆ. ಅದೇ ಬೀದಿಯ ಒಂದು ಬ್ಯಾಂಕ್ ಕಟ್ಟಡದ ಗೋಡೆಯಲ್ಲಿ ಅವರ ತಂಗಿ ಅನ್ನಾ ಪಾರ್ನೆಲ್ ಹೆಸರಿನ ಫಲಕ ಇದೆ. ಅದನ್ನು ಹಾಕಿದ್ದು 2021ರಲ್ಲಿ. ಅಣ್ಣನ ಸ್ಮಾರಕ ಎದ್ದು 110 ವರ್ಷ ಆದ ಮೇಲೆ.

ಯಾರು ಈ ಅನ್ನಾ ಅಂತ ಹುಡುಕುತ್ತಾ ಹೋದೆ. ಸಿಕ್ಕ ಕಥೆ ಎರಡು ವಾರದಿಂದ ತಲೆಯಲ್ಲೇ ಕೂತಿದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

1881ರ ಜನವರಿ ಕೊನೆಯಲ್ಲಿ ಡಬ್ಲಿನ್‌ನಲ್ಲಿ ಲೇಡೀಸ್ ಲ್ಯಾಂಡ್ ಲೀಗ್ ಶುರುವಾಯಿತು. ಗೇಣಿ ರೈತರ ಪರ ಹೋರಾಡುವ ಗಂಡಸರ ಲ್ಯಾಂಡ್ ಲೀಗ್ ಆಗಲೇ ಇತ್ತು. ಅದರ ಮುಖಂಡರನ್ನೆಲ್ಲ ಸರ್ಕಾರ ಜೈಲಿಗೆ ಹಾಕುವುದು ಖಚಿತವಾಗಿತ್ತು. ಆಗ ಕೆಲಸ ನಿಲ್ಲಬಾರದು, ಹೆಂಗಸರು ನಡೆಸಲಿ ಎಂದು ಯೋಚಿಸಿದವರು ಆ ಲೀಗ್‌ನ ಮುಖಂಡ ಮೈಕಲ್ ಡೇವಿಟ್. ಪಾರ್ನೆಲ್‌ಗೆ ಈ ಯೋಚನೆ ಹಿಡಿಸಲಿಲ್ಲ. ಇನ್ನೊಬ್ಬ ಮುಖಂಡ ಜಾನ್ ಡಿಲನ್‌ಗೂ ಹಿಡಿಸಲಿಲ್ಲ. ಜನ ನಗುತ್ತಾರೆ ಎಂಬ ಭಯ ಅವರಿಗೆ. ಆದರೂ ಆಯಿತು. ಸಂಘಟನೆಯ ಕೆಲಸವೆಲ್ಲ ಅನ್ನಾ ಕೈಗೆ ಬಂತು. ಆಗ ಅವರಿಗೆ 28 ವರ್ಷ. ಅಕ್ಕ ಫ್ಯಾನಿ ಅಮೆರಿಕದಲ್ಲಿದ್ದರು. ಅವರು 1880ರ ಅಕ್ಟೋಬರ್‌ನಲ್ಲೇ ನ್ಯೂಯಾರ್ಕ್‌ನಲ್ಲಿ ಹೆಂಗಸರ ಸಂಘ ಕಟ್ಟಿ ಹಣ ಕೂಡಿಸಲು ಶುರು ಮಾಡಿದ್ದರು.

ಮುಂದೆ ಸುಮಾರು 500 ಶಾಖೆಗಳಾದವು. 1882ರ ಆಗಸ್ಟ್ ಹೊತ್ತಿಗೆ ಎಲ್ಲ ಮುಗಿದಿತ್ತು. ಬ್ರಿಟಿಷ್ ಸರ್ಕಾರ ಮುಚ್ಚಿಸಲು ನೋಡಿತು, ಆಗಲಿಲ್ಲ. ಕೊನೆಗೆ ಮುಚ್ಚಿಸಿದ್ದು ಸ್ವಂತ ಅಣ್ಣ. ಅದಾದ ಮೇಲೆ ಅನ್ನಾ ಅಣ್ಣನ ಜೊತೆ ಮತ್ತೆ ಮಾತಾಡಲಿಲ್ಲ.

ಈ ಬಗ್ಗೆ ಗೊತ್ತಿರುವವರು ಇಲ್ಲಿ ಇದ್ದೀರಾ? ಮೇಷ್ಟ್ರೇ, ನೀವು ಇದ್ದರೆ ದಯವಿಟ್ಟು ಬರೆಯಿರಿ.

ಹಳೇಮೇಷ್ಟ್ರು

ಇದ್ದೇನೆ ಕಾವೇರಿಯವರೇ. ಒಳ್ಳೆಯ ವಿಷಯ ತೆಗೆದಿದ್ದೀರಿ. ಓದುವವರಿಗೆ ಹಿನ್ನೆಲೆ ಬೇಕಾಗುತ್ತದೆ, ಅದನ್ನು ಮೊದಲು ಹೇಳುತ್ತೇನೆ.

ಆಗ ಐರ್ಲೆಂಡಿನಲ್ಲಿ ಉಳುವವನಿಗೆ ಸ್ವಂತ ಭೂಮಿ ಇರಲಿಲ್ಲ. ಭೂಮಿ ಕೆಲವೇ ಸಾವಿರ ಜಮೀನ್ದಾರರ ಕೈಯಲ್ಲಿ. ಎಷ್ಟೋ ಜನ ಜಮೀನ್ದಾರರು ಆ ಊರಿನಲ್ಲಿ ವಾಸವೂ ಇರಲಿಲ್ಲ. ಏಜೆಂಟ್ ಬಂದು ಗೇಣಿ ವಸೂಲಿ ಮಾಡುತ್ತಿದ್ದ. 1845ರಿಂದ 1849ರ ಆಲೂಗಡ್ಡೆ ಕ್ಷಾಮದಲ್ಲಿ ಸುಮಾರು 10 ಲಕ್ಷ ಜನ ಸತ್ತಿದ್ದರು. ಅದಕ್ಕಿಂತ ಹೆಚ್ಚು ಜನ ಹಡಗು ಹತ್ತಿದ್ದರು. ಅದನ್ನು ಕಣ್ಣಾರೆ ಕಂಡವರು 1879ರಲ್ಲಿ ಇನ್ನೂ ಬದುಕಿದ್ದರು. ಆ ವರ್ಷ ಮಳೆ ನಿಲ್ಲಲೇ ಇಲ್ಲ. ಆಲೂಗಡ್ಡೆ ಮತ್ತೆ ಕೊಳೆಯಿತು. ಅಮೆರಿಕದ ಧಾನ್ಯ ಬಂದು ಬೆಲೆಯೂ ಬಿದ್ದಿತ್ತು. ಇಂಗ್ಲೆಂಡಿಗೆ ಸುಗ್ಗಿ ಕೂಲಿಗೆ ಹೋಗುತ್ತಿದ್ದವರಿಗೆ ಕೆಲಸ ಸಿಗಲಿಲ್ಲ. ಗೇಣಿ ಮಾತ್ರ ಇಳಿಯಲಿಲ್ಲ.

ಮೇಯೋ ಜಿಲ್ಲೆಯ ಐರಿಷ್‌ಟೌನ್‌ನಲ್ಲಿ 1879ರ ಏಪ್ರಿಲ್ 20ರಂದು ದೊಡ್ಡ ಸಭೆ ನಡೆಯಿತು. ಆಗಸ್ಟ್‌ನಲ್ಲಿ ಮೇಯೋ ಲ್ಯಾಂಡ್ ಲೀಗ್. ಅಕ್ಟೋಬರ್ 21ಕ್ಕೆ ಡಬ್ಲಿನ್‌ನಲ್ಲಿ ಐರಿಷ್ ನ್ಯಾಷನಲ್ ಲ್ಯಾಂಡ್ ಲೀಗ್. ಅಧ್ಯಕ್ಷರು ಪಾರ್ನೆಲ್. ಅವರೇ ಒಬ್ಬ ಜಮೀನ್ದಾರ, ಪ್ರಾಟೆಸ್ಟೆಂಟ್ ಮನೆತನದವರು, ವಿಕ್ಲೋ ಜಿಲ್ಲೆಯ ಆವನ್‌ಡೇಲ್ ಅವರ ಊರು. ಆದರೆ ಸಂಘದ ಜೀವ ಡೇವಿಟ್. ಅವರಿಗೆ ನಾಲ್ಕು ವರ್ಷ ಇದ್ದಾಗ ಮನೆಯವರನ್ನು ಒಕ್ಕಲೆಬ್ಬಿಸಿದ್ದರು. ಲ್ಯಾಂಕಶೈರ್‌ಗೆ ವಲಸೆ ಹೋದರು. ಅಲ್ಲಿ 11ನೇ ವಯಸ್ಸಿನಲ್ಲಿ ಹತ್ತಿಗಿರಣಿಯ ಯಂತ್ರಕ್ಕೆ ಸಿಕ್ಕಿ ಬಲಗೈ ಹೋಯಿತು. ಆಮೇಲೆ ಫೀನಿಯನ್ ಕ್ರಾಂತಿಕಾರಿಗಳಿಗೆ ಬಂದೂಕು ಸಾಗಿಸಿದ ಆರೋಪದಲ್ಲಿ ಏಳು ವರ್ಷ ಜೈಲು. ಹೊರಬಂದ ಎರಡೇ ವರ್ಷಕ್ಕೆ ಈ ಸಂಘ ಕಟ್ಟಿದರು.

'ಬಾಯ್ಕಾಟ್' ಅನ್ನುವ ಪದ ಹುಟ್ಟಿದ್ದೂ ಇಲ್ಲೇ. 1880ರ ಸೆಪ್ಟೆಂಬರ್ 19ರಂದು ಎನಿಸ್ ಊರಿನಲ್ಲಿ ಪಾರ್ನೆಲ್ ಹೇಳಿದ್ದು ಇಷ್ಟು: ಒಕ್ಕಲೆಬ್ಬಿಸಿದ ಜಮೀನನ್ನು ಯಾವನಾದರೂ ಹಿಡಿದರೆ ಅವನನ್ನು ಹೊಡೆಯಬೇಡಿ, ಮಾತು ಬಿಡಿ. ಅಂಗಡಿಯಲ್ಲಿ, ರಸ್ತೆಯಲ್ಲಿ, ಚರ್ಚಿನಲ್ಲಿ, ಎಲ್ಲಿ ಕಂಡರೂ ದೂರ ಇಡಿ. ಅದೇ ತಿಂಗಳು ಮೇಯೋದಲ್ಲಿ ಲಾರ್ಡ್ ಅರ್ನ್ ಎಂಬ ಜಮೀನ್ದಾರನ ಏಜೆಂಟ್ ಕ್ಯಾಪ್ಟನ್ ಚಾರ್ಲ್ಸ್ ಬಾಯ್ಕಾಟ್ ಮೇಲೆ ಇದು ಪ್ರಯೋಗವಾಯಿತು. ಅವನ ಬೆಳೆ ಕೊಯ್ಯಲು ಒಬ್ಬ ಆಳೂ ಬರಲಿಲ್ಲ. ಉತ್ತರದಿಂದ 50 ಜನರನ್ನು ಕರೆಸಿದರು. ಅವರ ಕಾವಲಿಗೆ ಸುಮಾರು ಸಾವಿರ ಸೈನಿಕರು, ಪೊಲೀಸರು. ಖರ್ಚು ಸುಮಾರು 10,000 ಪೌಂಡ್. ಉಳಿಸಿದ ಬೆಳೆಯ ಬೆಲೆ ಸುಮಾರು 500 ಪೌಂಡ್.

ಕುಂದಾಪ್ರ_ಹುಡ್ಗ

ಮೇಷ್ಟ್ರೇ, ನಮ್ಮ ಕಡೆಯವರಿಗೆ ಇದು ಬೇಗ ಅರ್ಥ ಆಗುತ್ತದೆ. ಕರಾವಳಿಯಲ್ಲಿ ಮೂಲಗೇಣಿ, ಚಾಲಗೇಣಿ ಅಂತ ಎರಡು ಇತ್ತಲ್ಲ. ಮೂಲಗೇಣಿಯವನನ್ನು ಧಣಿ ಸುಮ್ನೆ ಎಬ್ಬಿಸುವ ಹಾಗಿರಲಿಲ್ಲ. ಅವನ ಗೇಣಿ ನಿಗದಿ, ತಲೆಮಾರಿನಿಂದ ತಲೆಮಾರಿಗೆ ಬರುವಂಥದ್ದು. ಚಾಲಗೇಣಿಯವನು ಧಣಿಯ ಮರ್ಜಿಯಲ್ಲಿ ಬದುಕಬೇಕು. ಐರ್ಲೆಂಡಿನ ಹೆಚ್ಚಿನ ರೈತರು ಚಾಲಗೇಣಿಯವರ ಹಾಗೆ, ವರ್ಷ ವರ್ಷದ ಒಕ್ಕಲುಗಳು. ಅವರ ಮೂರು ಬೇಡಿಕೆ ಅಂತ ಓದಿದ್ದೆ: ನ್ಯಾಯದ ಗೇಣಿ, ಎಬ್ಬಿಸಬಾರದು, ತನ್ನ ಹಕ್ಕನ್ನು ಬೇರೆಯವರಿಗೆ ಮಾರುವ ಸ್ವಾತಂತ್ರ್ಯ. ಅಂದರೆ ಚಾಲಗೇಣಿಯನ್ನು ಮೂಲಗೇಣಿ ಮಾಡಿ ಅಂತ ಕೇಳಿದ ಹಾಗೆ, ಅಲ್ವಾ?

ಇನ್ನೊಂದು ಮಾತು. 'ಬಾಯ್ಕಾಟ್' ಅನ್ನುವುದಕ್ಕೆ ನಾವು ಬಹಿಷ್ಕಾರ ಅನ್ನುತ್ತೇವೆ. ಆದರೆ ನಮ್ಮ ಹಳ್ಳಿಗಳಲ್ಲಿ ಬಹಿಷ್ಕಾರ ಅಂದರೆ ಬಲ ಇದ್ದವರು ಬಡವನ ಮೇಲೆ ಹಾಕುವುದು. ನೀರು ಕೊಡಬೇಡಿ, ಬೆಂಕಿ ಕೊಡಬೇಡಿ ಅಂತ. ಮೇಯೋದ ರೈತರು ಅದೇ ಆಯುಧವನ್ನು ಮೇಲಿನವನ ಕಡೆ ತಿರುಗಿಸಿದರು. ಅದನ್ನು ಓದಿ ನನಗೆ ಮೈ ಜುಮ್ಮೆಂದಿತು.

ಹಳೇಮೇಷ್ಟ್ರು

ಸರಿಯಾಗಿ ಹಿಡಿದಿದ್ದೀಯಪ್ಪಾ. ಆ ಮೂರು ಬೇಡಿಕೆಗಳನ್ನು 1881ರ ಆಗಸ್ಟ್‌ನ ಭೂ ಕಾಯ್ದೆ ಹೆಚ್ಚುಕಮ್ಮಿ ಒಪ್ಪಿಕೊಂಡಿತು. ಗೇಣಿ ತೀರ್ಮಾನ ಮಾಡಲು ಭೂ ನ್ಯಾಯಾಲಯ ಬಂತು. ಆದರೆ ಗೇಣಿ ಬಾಕಿ ಇದ್ದವರಿಗೆ ಅದರ ಬಾಗಿಲು ತೆರೆಯಲಿಲ್ಲ. ಅಂಥವರು ಒಂದು ಲಕ್ಷಕ್ಕೂ ಹೆಚ್ಚು. ಎಲ್ಲರಿಗಿಂತ ಬಡವರು ಅವರೇ. ಈ ವಿಷಯ ನೆನಪಿಡಿ, ಮುಂದಿನ ಜಗಳವೆಲ್ಲ ಇಲ್ಲಿಂದಲೇ.

ಮಲೆನಾಡ್_ಮಳೆ

ಕಾವೇರಿಯವರೇ, ನಿಮ್ಮ ಕಳಕಳಿ ಅರ್ಥವಾಗುತ್ತದೆ. ಆದರೆ ಪಾರ್ನೆಲ್ ಅವರನ್ನು ಖಳನಾಯಕ ಮಾಡುವುದು ಸರಿಯಲ್ಲ ಅನ್ನಿಸುತ್ತದೆ.

ಆ ಹೊತ್ತಿನ ಪರಿಸ್ಥಿತಿ ನೋಡಿ. 1881ರ ಅಕ್ಟೋಬರ್ 13ಕ್ಕೆ ಅವರನ್ನು ಹಿಡಿದು ಕಿಲ್ಮೇನಮ್ ಜೈಲಿಗೆ ಹಾಕಿದರು. 18ಕ್ಕೆ ಜೈಲಿನೊಳಗಿಂದ 'ಗೇಣಿ ಕೊಡಬೇಡಿ' ಎಂಬ ಪ್ರಕಟಣೆ ಬಂತು. 20ಕ್ಕೆ ಲ್ಯಾಂಡ್ ಲೀಗ್ ಕಾನೂನುಬಾಹಿರ ಆಯಿತು. ಆಮೇಲೆ ಹಳ್ಳಿಗಳಲ್ಲಿ ಏನಾಯಿತು? ರಾತ್ರಿ ಮುಸುಕು ಹಾಕಿಕೊಂಡು ಬಂದು ಗುಂಡು ಹೊಡೆಯುವುದು, ದನಗಳ ಕಾಲು ಕಡಿಯುವುದು, ಬಣವೆಗೆ ಬೆಂಕಿ. 1879ರಲ್ಲಿ ಸರ್ಕಾರದ ಲೆಕ್ಕಕ್ಕೆ ಬಂದ ಇಂಥ ಅಪರಾಧ 863. 1881ರಲ್ಲಿ 4,439. ಇದು ಹೀಗೇ ಬೆಳೆದರೆ ಸ್ವರಾಜ್ಯದ ಮಾತಿಗೆ ಲಂಡನ್‌ನಲ್ಲಿ ಯಾರು ಕಿವಿ ಕೊಡುತ್ತಿದ್ದರು? ಪಾರ್ನೆಲ್ 1882ರ ಮೇ ತಿಂಗಳಲ್ಲಿ ಬ್ರಿಟಿಷ್ ಪ್ರಧಾನಿ ಗ್ಲ್ಯಾಡ್‌ಸ್ಟನ್ ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡು ಹೊರಬಂದರು. ಬಾಕಿದಾರರ ಸಾಲಕ್ಕೆ ಪರಿಹಾರ ಕೊಡಿಸಿದರು. ಅದಕ್ಕೆ ಪ್ರತಿಯಾಗಿ ಚಳವಳಿ ತಣ್ಣಗೆ ಮಾಡುತ್ತೇನೆ ಎಂದರು. ಕೆಲವೇ ದಿನದಲ್ಲಿ, ಮೇ 6ಕ್ಕೆ, ಡಬ್ಲಿನ್‌ನ ಫೀನಿಕ್ಸ್ ಪಾರ್ಕ್‌ನಲ್ಲಿ, ಐರ್ಲೆಂಡಿನ ಆಡಳಿತ ನೋಡಲು ಬಂದ ಹೊಸ ಚೀಫ್ ಸೆಕ್ರೆಟರಿ ಲಾರ್ಡ್ ಫ್ರೆಡರಿಕ್ ಕ್ಯಾವೆಂಡಿಷ್ ಮತ್ತು ಅಧಿಕಾರಿ ಥಾಮಸ್ ಬರ್ಕ್ ಅವರನ್ನು ಕತ್ತಿಯಿಂದ ಇರಿದು ಕೊಂದರು. ಅಂಥ ಹೊತ್ತಿನಲ್ಲಿ ತನ್ನ ಹಿಡಿತಕ್ಕೆ ಸಿಗದ ಒಂದು ಸಂಘವನ್ನು ಯಾವ ನಾಯಕ ಉಳಿಸಿಕೊಳ್ಳುತ್ತಾನೆ ಹೇಳಿ?

ವಕೀಲೆ_ಧಾರವಾಡ

ಮಲೆನಾಡ್ ಅವರೇ, ಆ ಲೆಕ್ಕ ಸರಿ. ಜೊತೆಗೆ ಇನ್ನೊಂದು ಲೆಕ್ಕವನ್ನೂ ಇಡಿ. 1880ರಲ್ಲಿ ಮನೆ ಕಳೆದುಕೊಂಡು ಬೀದಿಗೆ ಬಿದ್ದವರು 10,457 ಜನ. 1882ರಲ್ಲಿ 26,836. ಇದೂ ಸರ್ಕಾರದ್ದೇ ಲೆಕ್ಕ.

ನನಗೆ ಇದರ ಕಾನೂನಿನ ಭಾಗ ತುಂಬಾ ಕಾಡುತ್ತದೆ. ಗಂಡಸರನ್ನು ಹಿಡಿದದ್ದು 1881ರ ದಮನ ಕಾಯ್ದೆಯಲ್ಲಿ. ವಿಚಾರಣೆ ಇಲ್ಲ, ಅನುಮಾನ ಸಾಕು. 900ಕ್ಕೂ ಹೆಚ್ಚು ಜನರನ್ನು ಹೀಗೆ ಒಳಗೆ ಹಾಕಿದರು. ಅನ್ಯಾಯವೇ. ಆದರೆ ಒಳಗೆ ಅವರು ರಾಜಕೀಯ ಕೈದಿಗಳು. ಸ್ವಂತ ಬಟ್ಟೆ ಹಾಕಬಹುದು, ಹೊರಗಿನಿಂದ ಊಟ ತರಿಸಬಹುದು, ಒಬ್ಬರ ಜೊತೆ ಒಬ್ಬರು ಕೂತು ಮಾತಾಡಬಹುದು.

ಹೆಂಗಸರ ಮೇಲೆ ಆ ಕಾಯ್ದೆ ಬಳಸಲು ಸರ್ಕಾರಕ್ಕೆ ಮುಜುಗರ. ಹೆಂಗಸರು ರಾಜಕೀಯ ಮಾಡುತ್ತಾರೆ ಎಂದು ಒಪ್ಪಿಕೊಂಡ ಹಾಗೆ ಆಗುತ್ತದಲ್ಲ. ಅದಕ್ಕೆ ಮೂರನೇ ಎಡ್ವರ್ಡ್ ರಾಜನ ಕಾಲದ, 14ನೇ ಶತಮಾನದ ಒಂದು ಹಳೆಯ ಕಾನೂನನ್ನು ಹುಡುಕಿ ತೆಗೆದರು. ಅಲೆಮಾರಿಗಳು, ವೇಶ್ಯೆಯರು, 'ಒಳ್ಳೆಯ ಹೆಸರಿಲ್ಲದವರು', ಇಂಥವರಿಂದ ನಡತೆಗೆ ಜಾಮೀನು ಬರೆಸಿಕೊಳ್ಳುವ ಕಾನೂನು ಅದು. ಜಾಮೀನು ಕೊಟ್ಟರೆ ಮನೆಗೆ ಹೋಗಬಹುದಿತ್ತು. ಕೊಟ್ಟರೆ ತಮ್ಮ ನಡತೆ ಸರಿಯಿಲ್ಲ ಎಂದು ತಾವೇ ಒಪ್ಪಿದಂತೆ. ಲೇಡೀಸ್ ಲೀಗ್‌ನ ಹನ್ನಾ ರೆನಾಲ್ಡ್ಸ್ ಕೊಡಲಿಲ್ಲ. ಹೀಗೆ 13 ಹೆಂಗಸರು ಜೈಲಿಗೆ ಹೋದರು. ಸಾಮಾನ್ಯ ಅಪರಾಧಿಗಳ ಹಾಗೆ ಇದ್ದರು. ಗಂಡಸರಿಗೆ ಇದ್ದ ಸೌಲಭ್ಯ ಒಂದೂ ಇವರಿಗೆ ಇರಲಿಲ್ಲ.

ಬೀದಿಗೆ ಬಂದ ಹೆಣ್ಣಿನ ನಡತೆಯ ಮೇಲೆ ಮೊದಲು ಕೈ ಹಾಕುವುದು. ಕೋರ್ಟಿನಲ್ಲಿ ನಾನು ಇದನ್ನು ಇವತ್ತಿಗೂ ನೋಡುತ್ತೇನೆ.

ಕಾವೇರಿತೀರ

ಮೇಡಂ, ಚರ್ಚ್ ಕೂಡ ಅದನ್ನೇ ಮಾಡಿತು. 1881ರ ಮಾರ್ಚ್‌ನಲ್ಲಿ ಡಬ್ಲಿನ್‌ನ ಆರ್ಚ್‌ಬಿಷಪ್ ಮೆಕೇಬ್ ಎಲ್ಲ ಚರ್ಚುಗಳಲ್ಲಿ ಓದಿಸುವ ಪತ್ರ ಬರೆದರು. ಹೆಂಗಸರು ನಾಚಿಕೆ ಬಿಟ್ಟು ವೇದಿಕೆ ಹತ್ತುತ್ತಿದ್ದಾರೆ, ಇದನ್ನು ಸಹಿಸಬೇಡಿ ಎಂಬ ಅರ್ಥದಲ್ಲಿ. ಸಂಘ ಶುರುವಾಗಿ ಆರು ವಾರ ಆಗಿತ್ತು ಅಷ್ಟೇ. ಆದರೆ ಎಲ್ಲ ಪಾದ್ರಿಗಳೂ ಹಾಗಿರಲಿಲ್ಲ. ಕ್ಯಾಶೆಲ್‌ನ ಆರ್ಚ್‌ಬಿಷಪ್ ಕ್ರೋಕ್ ಬಹಿರಂಗವಾಗಿಯೇ ಹೆಂಗಸರ ಪರ ನಿಂತರು.

ಕ್ಯಾಸಲ್‌ಬಾರ್_ನರ್ಸ್

ನಾನು ಮೇಯೋದಲ್ಲೇ ಇದ್ದೇನೆ. ಕ್ಯಾಸಲ್‌ಬಾರ್‌ನಲ್ಲಿ ಕೆಲಸ. ಮೇಷ್ಟ್ರು ಹೇಳಿದ ಮೇಯೋ ಲ್ಯಾಂಡ್ ಲೀಗ್ ಹುಟ್ಟಿದ್ದು ಇದೇ ಊರಿನ ಒಂದು ಹೋಟೆಲ್‌ನಲ್ಲಿ.

ಇಲ್ಲಿನ ಚಳಿ, ಗಾಳಿ ಗೊತ್ತಿಲ್ಲದಿದ್ದರೆ ಒಕ್ಕಲೆಬ್ಬಿಸುವುದು ಅಂದರೆ ಏನು ಅಂತ ಪೂರ್ತಿ ತಿಳಿಯುವುದಿಲ್ಲ. ನವೆಂಬರ್‌ನಲ್ಲಿ ನಾಲ್ಕೂವರೆಗೆ ಕತ್ತಲೆ. ಅಟ್ಲಾಂಟಿಕ್ ಕಡೆಯಿಂದ ಮಳೆ ಅಡ್ಡಡ್ಡ ಬೀಸುತ್ತದೆ. ಅಂಥ ದಿನ ಕೂಸು, ಮುದುಕರು, ಒಂದು ಹಂದಿ, ನಾಲ್ಕು ಪಾತ್ರೆ, ಎಲ್ಲ ಹೊರಗೆ. ಮನೆ ಬಾಗಿಲಿಗೆ ಮೊಳೆ. ಪೊಲೀಸರು ಸುತ್ತ ನಿಂತಿರುತ್ತಾರೆ.

ಲೇಡೀಸ್ ಲೀಗ್‌ನ ಹುಡುಗಿಯರು ಹೋಗುತ್ತಿದ್ದದ್ದು ಇಂಥ ಜಾಗಗಳಿಗೆ. ಟೆಲಿಗ್ರಾಂ ಬಂದ ತಕ್ಷಣ ರೈಲು ಹತ್ತಿ, ಆಮೇಲೆ ಕುದುರೆಗಾಡಿ ಹಿಡಿದು ಬರುತ್ತಿದ್ದರು. ಹೆಚ್ಚಿನವರು ಪೇಟೆಯ ಮಧ್ಯಮ ವರ್ಗದ ಮನೆಗಳವರು. ಒಬ್ಬೊಬ್ಬರೇ ಊರೂರು ತಿರುಗುವುದು ಆ ಕಾಲಕ್ಕೆ ಸಣ್ಣ ಮಾತಲ್ಲ. ಬೀದಿಗೆ ಬಿದ್ದವರಿಗೆ ಹಣ ಕೊಡುವುದು ಒಂದು ಕೆಲಸ. ಅವರ ಹೊಲದ ಹತ್ತಿರವೇ ಮರದ ಗುಡಿಸಲು ಹಾಕಿಸುವುದು ಇನ್ನೊಂದು. ಹತ್ತಿರವೇ ಏಕೆ ಅಂದರೆ, ಜಮೀನು ಬಿಟ್ಟು ದೂರ ಹೋದರೆ ಬೇರೆಯವನು ಬಂದು ಹಿಡಿಯುತ್ತಾನೆ. ಹಳೆಯ ಒಕ್ಕಲು ಕಣ್ಣೆದುರಿಗೇ ಗುಡಿಸಲಲ್ಲಿ ಕೂತಿದ್ದರೆ ಯಾರಿಗೂ ಧೈರ್ಯ ಬರುವುದಿಲ್ಲ.

ಆ ಗುಡಿಸಲುಗಳನ್ನೂ ಸರ್ಕಾರ ತಡೆಯಿತು. ಲಿಮರಿಕ್ ಕಡೆ ಹಾಗೆ ತಡೆದಾಗ ಅನ್ನಾ ಡಬ್ಲಿನ್‌ನ ಬೀದಿಯಲ್ಲೇ ವೈಸ್‌ರಾಯ್ ಅರ್ಲ್ ಸ್ಪೆನ್ಸರ್ ಅವರ ಕುದುರೆಗೆ ಅಡ್ಡ ನಿಂತು, ಏಕೆ ತಡೆದಿರಿ ಎಂದು ಕೇಳಿದರು. 1882ರ ಬೇಸಿಗೆ ಅದು. ಫೀನಿಕ್ಸ್ ಪಾರ್ಕ್ ಕೊಲೆಗಳಾಗಿ ಇನ್ನೂ ಹೆಚ್ಚು ದಿನ ಆಗಿರಲಿಲ್ಲ.

ಸುಮ್ನೆಓದುಗ

ಇಷ್ಟೆಲ್ಲ ಕೆಲಸವನ್ನು ಆಫೀಸಿನಲ್ಲಿ ಕೂತು ಹೇಗೆ ನಡೆಸುತ್ತಿದ್ದರು? ಫೋನ್ ಇಲ್ಲ, ಏನಿಲ್ಲ.

ಕಾವೇರಿತೀರ

ನನಗೆ ಅತಿ ಇಷ್ಟವಾದ ಭಾಗವನ್ನೇ ಕೇಳಿದಿರಿ. ಅವರ ಹತ್ತಿರ ಒಂದು ದೊಡ್ಡ ದಫ್ತರ ಇತ್ತು. ಶಾಖೆಗಳಿಗೆಲ್ಲ ಪ್ರಶ್ನೆಪಟ್ಟಿ ಕಳಿಸಿ ಅದನ್ನು ತುಂಬಿಸುತ್ತಿದ್ದರು. ನಿಮ್ಮ ಊರಿನ ಜಮೀನ್ದಾರ ಯಾರು, ಏಜೆಂಟ್ ಯಾರು, ಎಷ್ಟು ಒಕ್ಕಲು, ಗೇಣಿ ಎಷ್ಟು, ಸರ್ಕಾರಿ ಮೌಲ್ಯಮಾಪನದ ಪ್ರಕಾರ ಎಷ್ಟಿರಬೇಕಿತ್ತು, ಎಷ್ಟು ಮನೆ ಎಬ್ಬಿಸಿದ್ದಾರೆ, ಮುಂದೆ ಯಾರ ಸರದಿ. ಐರ್ಲೆಂಡಿನ ಅತಿ ಅಮೂಲ್ಯ ಹಸ್ತಪ್ರತಿ ಬುಕ್ ಆಫ್ ಕೆಲ್ಸ್. ಟ್ರಿನಿಟಿ ಕಾಲೇಜಿನಲ್ಲಿದೆ, 1,200 ವರ್ಷ ಹಳೆಯದು. ಈ ದಫ್ತರಕ್ಕೂ ಹೆಂಗಸರು ಅದೇ ಹೆಸರಿಟ್ಟಿದ್ದರು.

ಹಣ ಪ್ಯಾರಿಸ್‌ನಲ್ಲಿತ್ತು. ಸರ್ಕಾರದ ಕೈಗೆ ಸಿಗಬಾರದೆಂದು ಖಜಾಂಚಿ ಪ್ಯಾಟ್ರಿಕ್ ಈಗನ್ ಅಲ್ಲಿಗೆ ಹೋಗಿ ಕೂತಿದ್ದರು. ಪಾರ್ನೆಲ್ ಪಕ್ಷದ ಪತ್ರಿಕೆ 'ಯುನೈಟೆಡ್ ಐರ್ಲೆಂಡ್' ಮೇಲೆ ದಾಳಿ ನಡೆದಾಗ ಅದನ್ನು ಕದ್ದುಮುಚ್ಚಿ ಅಚ್ಚು ಹಾಕಿಸಿ ಹಂಚಿದ್ದೂ ಇದೇ ಹುಡುಗಿಯರು. ಜೈಲಿನಲ್ಲಿದ್ದವರ ಊಟ, ಅವರ ಮನೆಯವರ ಖರ್ಚು, ಅದೂ ಇವರ ಲೆಕ್ಕದಲ್ಲೇ. 1881ರ ಡಿಸೆಂಬರ್‌ನಲ್ಲಿ ಪೊಲೀಸರು ಹೆಂಗಸರ ಸಭೆಗಳನ್ನೂ ನಿಷೇಧಿಸಿದರು. ಅನ್ನಾ ಏನು ಮಾಡಿದರು ಗೊತ್ತಾ? 1882ರ ಜನವರಿ 1ರಂದು ಎಲ್ಲ ಶಾಖೆಗಳೂ ಒಂದೇ ಹೊತ್ತಿಗೆ ಸಭೆ ಸೇರಿ ಎಂದು ಕರೆ ಕೊಟ್ಟರು. ಸೇರಿದರು. ಎಷ್ಟು ಜನರನ್ನು ಹಿಡಿಯುತ್ತಾರೆ?

ಈಗ ಮಲೆನಾಡ್ ಅವರ ಮಾತಿಗೆ ಬರುತ್ತೇನೆ. ನನ್ನ ಪ್ರಕಾರ ನಿಜವಾದ ಜಗಳ ಹಿಂಸೆಯದ್ದಲ್ಲ. ಅನ್ನಾ 1907ರಲ್ಲಿ ತಮ್ಮ ಕಡೆಯ ಕಥೆ ಬರೆದರು. ಅದರ ಹೆಸರಿನಲ್ಲೇ ಇಡೀ ಚಳವಳಿಯನ್ನು ಒಂದು ದೊಡ್ಡ ಸೋಗು ಎಂದು ಕರೆದಿದ್ದಾರೆ. ಏಕೆ ಸೋಗು?

ಗಂಡಸರ ಲೀಗ್ ವೇದಿಕೆಯ ಮೇಲೆ ಗೇಣಿ ಕೊಡಬೇಡಿ ಎನ್ನುತ್ತಿತ್ತು. ಕೆಳಗೆ ನಡೆಯುತ್ತಿದ್ದದ್ದು ಬೇರೆ. ಬಂದೂಕಿನ ಚೂರಿ ಎದೆಗೆ ಬರುವ ತನಕ ಎಳೆದಾಡು, ಬಂದ ಮೇಲೆ ಕೊಟ್ಟುಬಿಡು. ಅಲ್ಲಿಯವರೆಗಿನ ಕೋರ್ಟ್ ಖರ್ಚನ್ನು ಲೀಗ್ ಕೊಡುತ್ತದೆ. ಇದರಿಂದ ಆದದ್ದೇನು? ಜಮೀನ್ದಾರನಿಗೆ ಗೇಣಿ ಬಂತು, ತಡವಾಗಿ. ವಕೀಲರಿಗೆ ಫೀಸು ಬಂತು. ಅಮೆರಿಕದಲ್ಲಿ ಮನೆಗೆಲಸ ಮಾಡುತ್ತಿದ್ದ ಐರಿಷ್ ಹುಡುಗಿಯರು ಕಳಿಸಿದ ದುಡ್ಡು ಖರ್ಚಾಯಿತು. ಕೊಡುವ ಶಕ್ತಿ ಇದ್ದ ರೈತನೂ ಲೀಗ್ ದುಡ್ಡಿನಲ್ಲಿ ಹೋರಾಟಗಾರ ಎನ್ನಿಸಿಕೊಂಡ. ಶಕ್ತಿ ಇಲ್ಲದವನು ಬೀದಿಗೆ ಬಿದ್ದ.

ಅನ್ನಾ ಇದನ್ನು ಕಚೇರಿಗೆ ಬಂದ ಕೆಲವೇ ವಾರದಲ್ಲಿ ಕಂಡುಹಿಡಿದರು. ದಫ್ತರ ಅವರ ಮುಂದೆ ಇತ್ತಲ್ಲ. ಗೇಣಿ ಕೊಡಬೇಡಿ ಎನ್ನುವುದಾದರೆ ಯಾರೂ ಕೊಡಬಾರದು, ಎಬ್ಬಿಸಿದವರಿಗೆಲ್ಲ ಸೂರು ಮೊದಲೇ ಸಿದ್ಧ ಇರಬೇಕು. ಇಷ್ಟೇ ಅವರ ವಾದ. ಅವರು ಹೇಳಿದ ಮಾತನ್ನು ನಿಜವಾಗಿ ಮಾಡಲು ಹೋದರು. ಉಳಿದವರಿಗೆ ಆ ಮಾತು ಲಂಡನ್‌ನಲ್ಲಿ ಚೌಕಾಸಿ ಮಾಡಲು ಬೇಕಿತ್ತು ಅಷ್ಟೇ.

ಮಲೆನಾಡ್_ಮಳೆ

ಒಪ್ಪುತ್ತೇನೆ, ಕೋರ್ಟ್ ಖರ್ಚಿನ ವಿಷಯ ನನಗೆ ಹೊಸದು. ಅದನ್ನು ಓದಿ ನನಗೂ ಬೇಜಾರಾಯಿತು.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಇಡೀ ದೇಶ ಗೇಣಿ ನಿಲ್ಲಿಸಿದ್ದರೆ ಲಕ್ಷಾಂತರ ಮನೆ ಎಬ್ಬಿಸುತ್ತಿದ್ದರು. ಅಷ್ಟು ಜನರಿಗೆ ಗುಡಿಸಲು ಹಾಕಿಸುವ ದುಡ್ಡು ಎಲ್ಲಿತ್ತು? ಮತ್ತೆ, ಹೆಚ್ಚಿನ ರೈತರು 'ಗೇಣಿ ಕೊಡಬೇಡಿ' ಪ್ರಕಟಣೆಯನ್ನು ಬಿಟ್ಟು ಭೂ ನ್ಯಾಯಾಲಯದ ಬಾಗಿಲಿಗೆ ಹೋದರು. ಅವರೇನು ಮೋಸಗಾರರಲ್ಲ. ಮಕ್ಕಳು ಮರಿ ಇದ್ದವರು, ಸಿಕ್ಕಿದ್ದನ್ನು ಹಿಡಿದುಕೊಂಡರು. ಅನ್ನಾ ಅವರಿಗೆ ಜನರ ಈ ಕಷ್ಟದ ಲೆಕ್ಕ ಸ್ವಲ್ಪ ತಪ್ಪಿತು ಅಂತ ನನ್ನ ಅನಿಸಿಕೆ.

ಕುಂದಾಪ್ರ_ಹುಡ್ಗ

ಅಣ್ಣಾ, ಭೂ ನ್ಯಾಯಾಲಯಕ್ಕೆ ಹೋಗಲು ಬಾಕಿ ಇರಬಾರದು ಅಂತ ಮೇಷ್ಟ್ರು ಆಗಲೇ ಹೇಳಿದರಲ್ಲ. ಹೋದವರು ಸ್ವಲ್ಪ ಗಟ್ಟಿ ಇದ್ದವರು. ಅನ್ನಾ ಅವರ ಮುಂದೆ ದಿನಾ ಬಂದು ನಿಲ್ಲುತ್ತಿದ್ದವರು ಹೋಗಲಾರದವರು. ಅಣ್ಣ ತಂಗಿ ಇಬ್ಬರೂ ಬೇರೆ ಬೇರೆ ಜನರನ್ನು ನೋಡಿಕೊಂಡು ಮಾತಾಡುತ್ತಿದ್ದರು ಅನ್ನಿಸುತ್ತದೆ ನನಗೆ.

ಹಳೇಮೇಷ್ಟ್ರು

ಈ ಹುಡುಗನ ಮಾತಿಗೆ ನಾನು ಸೇರಿಸುವುದು ಏನೂ ಇಲ್ಲ.

ಆದರೆ ಕಾವೇರಿಯವರ ಮೊದಲ ಬರಹದಲ್ಲಿ ಒಂದು ತಿದ್ದುಪಡಿ ಬೇಕು. 'ಅಣ್ಣ ಮುಚ್ಚಿಸಿದ' ಅನ್ನುವುದು ಅರ್ಧ ನಿಜ. ಜೈಲಿನಿಂದ ಮುಖಂಡರು ಹೊರಬಂದಾಗ ಹೆಂಗಸರೇ ಹೇಳಿದ್ದರು: ಇನ್ನು ನೀವು ನೋಡಿಕೊಳ್ಳಿ, ನಮ್ಮನ್ನು ಬಿಡಿ. ಅವರಿಗೆ ಸಾಕಾಗಿತ್ತು. 18 ತಿಂಗಳು ಹಗಲು ರಾತ್ರಿ ದುಡಿದಿದ್ದರು. ನಂಬಿಕೆ ಇಲ್ಲದ ನೀತಿಗಾಗಿ ದುಡಿದದ್ದು ಬೇರೆ.

ಗಂಡಸರಿಗೆ ಬೇಕಾದದ್ದು ಇನ್ನೊಂದು. ಸಹಾಯ ಕೇಳಿ ಬರುವ ಸಾವಿರಾರು ಅರ್ಜಿಗಳನ್ನು ನೋಡುವುದು ಬೇಜಾರಿನ ಕೆಲಸ. ಅದನ್ನು ಹೆಂಗಸರು ಮಾಡುತ್ತಿರಲಿ, ಯಾರಿಗೆ ಕೊಡಬೇಕು ಎಂದು ಶಿಫಾರಸು ಬರೆಯಲಿ, ಇಲ್ಲ ಅನ್ನಿಸಿಕೊಂಡವರ ಬೈಗುಳವನ್ನೂ ತಿನ್ನಲಿ. ತೀರ್ಮಾನ ಮಾತ್ರ ತಮ್ಮ ಕೈಯಲ್ಲಿರಲಿ. ಆಗ ಹೆಂಗಸರ ಬ್ಯಾಂಕ್ ಖಾತೆಯಲ್ಲಿ ಸುಮಾರು 5,000 ಪೌಂಡ್ ಸಾಲ ಇತ್ತು. ಅದೆಲ್ಲ ಚಳವಳಿಗೇ ಮಾಡಿದ ಖರ್ಚು. ಪಾರ್ನೆಲ್ ಹಣ ನಿಲ್ಲಿಸಿದರು. ಸಾಲ ತೀರಬೇಕಾದರೆ ನಮ್ಮ ಷರತ್ತು ಒಪ್ಪಿ ಎಂದರು. ಅಂದರೆ ಬೇಕಾದಾಗ ಮುಚ್ಚಲೂ ಬಿಡಲಿಲ್ಲ, ತಮ್ಮಿಷ್ಟದಂತೆ ನಡೆಸಲೂ ಬಿಡಲಿಲ್ಲ. ಆಗಸ್ಟ್‌ನಲ್ಲಿ ಹೆಂಗಸರು ಸಂಘವನ್ನು ವಿಸರ್ಜಿಸಿದರು. ಅಕ್ಟೋಬರ್‌ನಲ್ಲಿ ಪಾರ್ನೆಲ್ ಹೊಸ ಐರಿಷ್ ನ್ಯಾಷನಲ್ ಲೀಗ್ ಕಟ್ಟಿದರು. ಅದರಲ್ಲಿ ಹೆಂಗಸರಿಗೆ ಜಾಗ ಇರಲಿಲ್ಲ.

ಕಾವೇರಿತೀರ

ತಿದ್ದಿದ್ದಕ್ಕೆ ಧನ್ಯವಾದ ಮೇಷ್ಟ್ರೇ. ಹೀಗೆ ನೋಡಿದರೆ ನನಗೆ ಇನ್ನೂ ಜಾಸ್ತಿ ನೋವಾಗುತ್ತದೆ. ದುಡಿಸಿಕೊಳ್ಳುವುದಕ್ಕೆ ಬೇಕು, ಮಾತಿಗೆ ಬೇಡ.

ಸುಮ್ನೆಓದುಗ

ಅಕ್ಕತಂಗಿಯರು ಆಮೇಲೆ ಏನಾದರು?

ಕಾವೇರಿತೀರ

ಫ್ಯಾನಿ 1882ರ ಜುಲೈ 20ರಂದು ನ್ಯೂಜೆರ್ಸಿಯಲ್ಲಿ ಇದ್ದಕ್ಕಿದ್ದಂತೆ ತೀರಿಕೊಂಡರು. 33 ವರ್ಷ. ಬೆಳೆಯನ್ನು ಬಿಟ್ಟುಕೊಡಬೇಡಿ ಎಂದು ಅವರು ಬರೆದ ಕವಿತೆಯನ್ನು ರೈತರು ಸಭೆಗಳಲ್ಲಿ ಹೇಳುತ್ತಿದ್ದರು. ದೇಹವನ್ನು ಐರ್ಲೆಂಡಿಗೆ ತರಬೇಕೆಂದು ಜನ ಕೇಳಿದರು. ಅಣ್ಣ ಒಪ್ಪಲಿಲ್ಲ. ಬಾಸ್ಟನ್ ಹತ್ತಿರ, ತಾಯಿಯ ಕಡೆಯ ಬಂಧುಗಳ ಸಮಾಧಿಯಲ್ಲಿ ಮಣ್ಣು ಮಾಡಿದರು. ಸುದ್ದಿ ಕೇಳಿ ಅನ್ನಾ ಕುಸಿದು ಹಾಸಿಗೆ ಹಿಡಿದರು. ಸಾಲದ ಜಗಳ, ಸಂಘದ ಕೊನೆ, ಅಕ್ಕನ ಸಾವು, ಎಲ್ಲ ಒಂದೇ ಬೇಸಿಗೆಯಲ್ಲಿ.

ಆಮೇಲೆ ಅನ್ನಾ ಇಂಗ್ಲೆಂಡಿಗೆ ಹೋದರು. ಸೆರಿಸಾ ಪಾಮರ್ ಎಂದು ಹೆಸರು ಬದಲಿಸಿಕೊಂಡು ಬದುಕಿದರು. ಚಿತ್ರಕಲೆ ಕಲಿತವರು, ಕಾರ್ನ್‌ವಾಲ್‌ನ ಕಡಲ ತೀರದಲ್ಲಿ ಚಿತ್ರ ಬರೆಯುತ್ತಾ ಇದ್ದರು. ಬಡತನ ಇತ್ತು. ಅಣ್ಣ 1891ರಲ್ಲಿ ತೀರಿಕೊಂಡಾಗಲೂ ಅವರ ಮಧ್ಯೆ ಮಾತಿರಲಿಲ್ಲ. 1904ರಲ್ಲಿ ಡೇವಿಟ್ ಲ್ಯಾಂಡ್ ಲೀಗ್ ಇತಿಹಾಸ ಬರೆದರು. ಅದಕ್ಕೆ ಉತ್ತರವಾಗಿಯೇ ಅನ್ನಾ ತಮ್ಮದನ್ನು ಬರೆದದ್ದು. ಅಚ್ಚು ಹಾಕುವವರು ಸಿಗಲಿಲ್ಲ. ಅದು ಪುಸ್ತಕವಾಗಿ ಬಂದದ್ದು 1986ರಲ್ಲಿ. 1908ರಲ್ಲಿ ಒಮ್ಮೆ ಐರ್ಲೆಂಡಿಗೆ ಬಂದು ಉತ್ತರ ಲೀಟ್ರಿಮ್ ಉಪಚುನಾವಣೆಯಲ್ಲಿ ಶಿನ್ ಫೇನ್ ಎಂಬ ಹೊಸ ರಾಷ್ಟ್ರೀಯವಾದಿ ಪಕ್ಷದ ಅಭ್ಯರ್ಥಿಯ ಪರ ಮಾತಾಡಿದರು. ಪಾರ್ನೆಲ್ ತಂಗಿಯ ಮೇಲೆ ಪಾರ್ನೆಲ್ ಪಕ್ಷದವರೇ ಮೊಟ್ಟೆ ಎಸೆದರು.

1911ರ ಸೆಪ್ಟೆಂಬರ್ 20ರಂದು ಡೆವನ್‌ನ ಇಲ್ಫ್ರಾಕೂಂಬ್‌ನಲ್ಲಿ ಸಮುದ್ರದಲ್ಲಿ ಈಜಲು ಹೋದವರು ಮುಳುಗಿ ಸತ್ತರು. ಅಲ್ಲೇ ಮಣ್ಣಾದರು. ಅದಾಗಿ 11 ದಿನಕ್ಕೆ, ಅಕ್ಟೋಬರ್ 1ಕ್ಕೆ, ನಾನು ದಿನಾ ನೋಡುವ ಆ ಸ್ಮಾರಕದ ಅನಾವರಣ ಡಬ್ಲಿನ್‌ನಲ್ಲಿ ನಡೆಯಿತು.

ವಕೀಲೆ_ಧಾರವಾಡ

ಓದಿ ಸುಮಾರು ಹೊತ್ತು ಸುಮ್ಮನೆ ಕೂತೆ.

ಒಂದು ಹೆಸರು ಸೇರಿಸುತ್ತೇನೆ. ಆ ದಫ್ತರದ ಕೆಲಸ ಮಾಡುತ್ತಿದ್ದ ಹುಡುಗಿಯರಲ್ಲಿ ಜೆನ್ನಿ ಓ'ಟೂಲ್ ಒಬ್ಬರು. ಮದುವೆಯಾದ ಮೇಲೆ ಜೆನ್ನಿ ವೈಸ್ ಪವರ್. ಮುಂದೆ ಅವರು ಡಬ್ಲಿನ್‌ನ ಹೆನ್ರಿ ಬೀದಿಯಲ್ಲಿ ಊಟದ ಹೋಟೆಲ್ ಇಟ್ಟರು. 1914ರಲ್ಲಿ ಹೆಂಗಸರ ಕುಮನ್ ನ ಮಾನ್ ಸಂಘ ಕಟ್ಟಿದವರಲ್ಲಿ ಸೇರಿದ್ದರು. 1916ರ ಈಸ್ಟರ್ ದಂಗೆಯ ಸ್ವಾತಂತ್ರ್ಯ ಘೋಷಣೆಗೆ ಏಳು ಜನ ಸಹಿ ಹಾಕಿದ್ದು ಅವರ ಮನೆಯಲ್ಲಿ. ಸ್ವತಂತ್ರ ರಾಜ್ಯ ಬಂದ ಮೇಲೆ 1922ರಿಂದ 1936ರವರೆಗೆ ಸೆನೆಟ್ ಸದಸ್ಯೆ. ಅಲ್ಲಿ ಹೆಂಗಸರ ಕೆಲಸದ ಹಕ್ಕು ಕಸಿಯುವ ಮಸೂದೆ ಬಂದಾಗ ಎದ್ದು ನಿಂತು ವಿರೋಧಿಸಿದರು.

ಹಳೇಮೇಷ್ಟ್ರು

ಒಳ್ಳೆಯ ಹೆಸರು ನೆನಪಿಸಿದಿರಿ ಮೇಡಂ. ನಮ್ಮ ದೇಶಕ್ಕೂ ಇದರ ಎಳೆ ಇದೆ. 1894ರ ಮದ್ರಾಸ್ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರು ಆಲ್ಫ್ರೆಡ್ ವೆಬ್. ಡಬ್ಲಿನ್‌ನ ಮುದ್ರಕರು, ಕ್ವೇಕರ್ ಪಂಥದವರು, ಪಾರ್ನೆಲ್ ಕಟ್ಟಿದ ಪಕ್ಷದ ಸಂಸತ್ ಸದಸ್ಯರಾಗಿದ್ದವರು. 'ಹೋಂ ರೂಲ್' ಅನ್ನುವ ಮಾತನ್ನೂ ಅಲ್ಲಿಂದಲೇ ತಂದೆವು. ತಿಲಕರು 1916ರ ಏಪ್ರಿಲ್‌ನಲ್ಲಿ ಹೋಂ ರೂಲ್ ಲೀಗ್ ಕಟ್ಟಿದ್ದು ನಮ್ಮ ಬೆಳಗಾವಿಯಲ್ಲಿ. ಐರ್ಲೆಂಡಿನ ಆ ಲೀಗ್‌ಗಳ ಕಥೆ ಹೇಳುವಾಗ ನಾನು 30 ವರ್ಷ ಮಕ್ಕಳಿಗೆ ಪಾರ್ನೆಲ್, ಡೇವಿಟ್ ಎಂದೇ ಪಾಠ ಮಾಡಿದೆ. ಅನ್ನಾ ಹೆಸರು ಹೇಳಲಿಲ್ಲ. ಈಗ ಮೊಮ್ಮಗಳಿಗೆ ಹೇಳುತ್ತಿದ್ದೇನೆ.

ಕ್ಯಾಸಲ್‌ಬಾರ್_ನರ್ಸ್

ಮುಂದಿನ ಭಾನುವಾರ ನನಗೆ ರಜೆ. ಡೇವಿಟ್ ಹುಟ್ಟಿದ ಸ್ಟ್ರೇಡ್ ಇಲ್ಲಿಂದ ಕಾರಿನಲ್ಲಿ ಅರ್ಧ ಗಂಟೆಯೂ ಇಲ್ಲ. ಹಳೆಯ ಚರ್ಚಿನಲ್ಲಿ ಅವರ ಮ್ಯೂಸಿಯಂ ಇದೆ, ಪಕ್ಕದಲ್ಲೇ ಸಮಾಧಿ. ಅಲ್ಲಿ ಲೇಡೀಸ್ ಲೀಗ್ ಬಗ್ಗೆ ಏನೇನು ಇಟ್ಟಿದ್ದಾರೆ ನೋಡಿಕೊಂಡು ಬಂದು ಬರೆಯುತ್ತೇನೆ. ಕಾವೇರಿ ಅಕ್ಕಾ, ಡಬ್ಲಿನ್‌ನ ಆ ಫಲಕದ ಫೋಟೋ ಒಂದು ಹಾಕಿ.